ಬೆಂಗಳೂರಿನ ಫ್ಲ್ಯಾಟೋ, ದುಬೈನ ಸ್ಟುಡಿಯೋ?

ಪ್ರಶ್ನೆ: ನನಗೆ 56 ವರ್ಷ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸ, ಇನ್ನೆರಡು ವರ್ಷಕ್ಕೆ ನಿವೃತ್ತಿ. ವಾಸಕ್ಕೆ ಸ್ವಂತ ಮನೆ ಇದೆ, ಸಾಲವಿಲ್ಲ. 2004ರಲ್ಲಿ ತುಮಕೂರಿನಲ್ಲಿ 6 ಲಕ್ಷ ರೂಪಾಯಿಗೆ ಕೊಂಡಿದ್ದ ನಿವೇಶನವನ್ನು ನಾಲ್ಕು ತಿಂಗಳ ಹಿಂದೆ 1.40 ಕೋಟಿಗೆ ಮಾರಿದೆ. ಈ ಹಣದಲ್ಲಿ ಬಾಡಿಗೆ ಬರುವಂಥ ಮನೆಯೊಂದನ್ನು ಕೊಳ್ಳುವ ಆಸೆ. ಮೂರು ವರ್ಷದಿಂದ ದುಬೈನಲ್ಲಿರುವ ಮಗ, ‘ಅಲ್ಲಿ ನೂರಕ್ಕೆ ಎಂಟರಂತೆ ಬಾಡಿಗೆ ಬರುತ್ತದೆ, ತೆರಿಗೆಯೂ ಇಲ್ಲ, ಬೆಂಗಳೂರಿನಲ್ಲಿ ನಾಲ್ಕೂ ಹುಟ್ಟುವುದಿಲ್ಲ’ ಎನ್ನುತ್ತಾನೆ. ಮುಂಗಡವನ್ನು ಸದ್ಯಕ್ಕೆ ತಾನೇ ಅಲ್ಲಿ ಕಟ್ಟುತ್ತೇನೆ, ಅಷ್ಟು ಮೊತ್ತವನ್ನು ಇಲ್ಲಿರುವ ತನ್ನ ಖಾತೆಗೆ ಹಾಕಿದರೆ ಸಾಕು ಎಂದೂ ಹೇಳುತ್ತಿದ್ದಾನೆ. ಏನು ಮಾಡಲಿ? ಬೇರೆ ದೇಶ ಯಾವುದಾದರೂ ಇದಕ್ಕಿಂತ ಉತ್ತಮವೇ?

ಉತ್ತರ: ನಿಮ್ಮ ಮಗ ಹೇಳುವ ಎರಡೂ ಅಂಕಿಗಳು ಸುಳ್ಳಲ್ಲ. ಆದರೆ ಅವು ಬಾಡಿಗೆಯನ್ನು ಮನೆಯ ಬೆಲೆಯಿಂದ ಭಾಗಿಸಿದಾಗ ಸಿಗುವ ಅಂಕಿಗಳೇ ಹೊರತು ನಿಮ್ಮ ಕೈಗೆ ಬಂದು ಸೇರುವ ಹಣದ ಅಂಕಿಗಳಲ್ಲ. ಎರಡರ ನಡುವೆ ನೋಂದಣಿ ವೆಚ್ಚ, ನಿರ್ವಹಣೆ, ಮನೆ ಖಾಲಿ ಬೀಳುವ ತಿಂಗಳುಗಳು ಮತ್ತು ತೆರಿಗೆ ಇವೆ. ನಿಮ್ಮ ವಿಷಯದಲ್ಲಿ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮತ್ತೊಂದಿದೆ. ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲದಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಿವೇಶನ ಮಾರಿದ್ದರಿಂದ ನಿಮಗೆ 1.34 ಕೋಟಿಯಷ್ಟು ದೀರ್ಘಾವಧಿ ಬಂಡವಾಳ ಲಾಭ ಬಂದಿದೆ. 2024ರ ಜುಲೈ 23ರಿಂದ ಜಾರಿಗೆ ಬಂದಿರುವ ಶೇ 12.5ರ ದರದಲ್ಲಿ ತೆರಿಗೆ 16.75 ಲಕ್ಷವಾಗುತ್ತದೆ, ಆ ವರ್ಷದ ನಿಮ್ಮ ಒಟ್ಟು ಆದಾಯ ಒಂದು ಕೋಟಿಯನ್ನು ದಾಟುವುದರಿಂದ ಸರ್‌ಚಾರ್ಜ್ ಮತ್ತು ಸೆಸ್ ಕೂಡಿಸಿದರೆ ಅದು ಸುಮಾರು 20 ಲಕ್ಷಕ್ಕೆ ಹೋಗಿ ನಿಲ್ಲುತ್ತದೆ. (ಹಣದುಬ್ಬರವನ್ನು ಹೊಂದಿಸಿ ಶೇ 20ರಂತೆ ಕಟ್ಟುವ ಹಳೆಯ ಕ್ರಮ 2004ರ ಖರೀದಿಗೆ ಲಭ್ಯವಿದೆಯಾದರೂ, ನಿಮ್ಮ ಬೆಲೆಗಳಿಗೆ ಅದು ಇನ್ನೂ ದುಬಾರಿ.) ಈ ತೆರಿಗೆಯನ್ನು ಪೂರ್ತಿಯಾಗಿ ಉಳಿಸಿಕೊಳ್ಳುವ ದಾರಿಯೊಂದಿದೆ: ಮಾರಾಟದಿಂದ ಬಂದ ಇಡೀ ಮೊತ್ತವನ್ನು, ಲಾಭವನ್ನಷ್ಟೇ ಅಲ್ಲ, ಎರಡು ವರ್ಷದೊಳಗೆ ಒಂದು ವಾಸದ ಮನೆಯ ಖರೀದಿಗೆ ಅಥವಾ ಮೂರು ವರ್ಷದೊಳಗೆ ಅದರ ನಿರ್ಮಾಣಕ್ಕೆ ತೊಡಗಿಸಬೇಕು. 54ಎಫ್ ಎಂಬ ಹೆಸರಿನಲ್ಲೇ ಎಲ್ಲರಿಗೂ ಪರಿಚಿತವಾದ ವಿನಾಯಿತಿ ಇದು. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಸೌಲಭ್ಯ ಮುಂದುವರಿದಿದೆ. ಮಾರಾಟದ ದಿನ ನಿಮ್ಮ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ವಾಸದ ಮನೆ ಇರಬಾರದೆಂಬ ಷರತ್ತಿದೆ. ನಿಮಗಿರುವುದು ಒಂದೇ ಆದ್ದರಿಂದ ತೊಡಕಿಲ್ಲ. ಊರಿನ ಹಳೆಯ ಮನೆಯಲ್ಲಿ ಅಣ್ಣತಮ್ಮಂದಿರ ಜೊತೆ ಪಾಲೇನಾದರೂ ಇದ್ದರೆ ಮಾತ್ರ ನಿಮ್ಮ ಲೆಕ್ಕಪರಿಶೋಧಕರಿಗೆ ಮೊದಲೇ ತಿಳಿಸಿಬಿಡಿ.

ಈ ವಿನಾಯಿತಿಗೆ 2014ರ ಹಣಕಾಸು ಕಾಯ್ದೆ ‘ಭಾರತದಲ್ಲಿ’ ಎಂಬ ಒಂದು ಪದವನ್ನು ಸೇರಿಸಿತು. ಅಲ್ಲಿಯವರೆಗೆ ವಿದೇಶದಲ್ಲಿ ಕೊಂಡ ಮನೆಗೂ ವಿನಾಯಿತಿ ಕೊಡಬೇಕೆಂದು ವಾದಿಸಿ ಗೆದ್ದವರಿದ್ದರು. ಆ ಬಾಗಿಲು ಈಗ ಮುಚ್ಚಿದೆ. ಹಾಗಾಗಿ ಬೆಂಗಳೂರಿನಲ್ಲಿ ಮನೆ ಕೊಳ್ಳಲು ನಿಮ್ಮ ಬಳಿ 1.40 ಕೋಟಿ ಇದೆ, ದುಬೈನಲ್ಲಿ ಕೊಳ್ಳಲು 1.20 ಕೋಟಿ ಮಾತ್ರ ಇದೆ. ಓಟ ಶುರುವಾಗುವ ಗೆರೆಯೇ ಎರಡೂ ಕಡೆಗೆ ಬೇರೆಬೇರೆಯಾಗಿದೆ.

ಈಗ ಬಾಡಿಗೆಯ ಲೆಕ್ಕ. ಬೆಂಗಳೂರಿನಲ್ಲಿ 1.28 ಕೋಟಿಯ ಫ್ಲ್ಯಾಟ್ ಕೊಂಡಿರಿ ಎಂದಿಟ್ಟುಕೊಳ್ಳೋಣ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ, ಎಲ್ಲ ಸೇರಿ ಶೇ 7.6ರಂತೆ ಸುಮಾರು 9.7 ಲಕ್ಷ ಹೋಗುತ್ತದೆ. ಉಳಿದದ್ದು ವಕೀಲರಿಗೆ, ಸುಣ್ಣಬಣ್ಣಕ್ಕೆ, ಫ್ಯಾನು ಗೀಸರುಗಳಿಗೆ. ತಿಂಗಳಿಗೆ 40,000 ರೂಪಾಯಿ ಬಾಡಿಗೆ ಎಂದರೆ ವರ್ಷಕ್ಕೆ 4.80 ಲಕ್ಷ. ಬಾಡಿಗೆದಾರರು ಬದಲಾಗುವಾಗ ಮನೆ ಖಾಲಿ ಬೀಳುವುದನ್ನು ಸರಾಸರಿ ವರ್ಷಕ್ಕೊಂದು ತಿಂಗಳೆಂದು ಹಿಡಿದರೆ 4.40 ಲಕ್ಷ. ಆಸ್ತಿ ತೆರಿಗೆ 15,000, ದುರಸ್ತಿ 25,000, ಎರಡು ವರ್ಷಕ್ಕೊಮ್ಮೆ ಕೊಡುವ ದಲ್ಲಾಳಿ ಕಮಿಷನ್ನಿನ ಅರ್ಧ 20,000 ಕಳೆದರೆ ಉಳಿಯುವುದು 3.80 ಲಕ್ಷ. ಬಾಡಿಗೆ ಆದಾಯದಲ್ಲಿ ಆಸ್ತಿ ತೆರಿಗೆ ಹೋಗಿ ಉಳಿದದ್ದರ ಶೇ 30ರಷ್ಟನ್ನು, ನೀವು ಖರ್ಚು ಮಾಡಿರಲಿ ಬಿಡಲಿ, ಕಾಯ್ದೆ ಬಿಟ್ಟುಕೊಡುತ್ತದೆ; ಮಿಕ್ಕದ್ದಕ್ಕೆ, ಸೆಸ್ ಸೇರಿ ಶೇ 31.2 ಬೀಳುವ ಅತಿ ಮೇಲಿನ ಸ್ತರದಲ್ಲಿ, ಸುಮಾರು 93,000 ರೂಪಾಯಿ ತೆರಿಗೆ. ಕೈಗೆ ಬರುವುದು 2.87 ಲಕ್ಷ. ಅಂದರೆ ತೊಡಗಿಸಿದ 1.40 ಕೋಟಿಗೆ ನೂರಕ್ಕೆ ಎರಡು ರೂಪಾಯಿ. ಬೆಂಗಳೂರನ್ನು ನಾನು ಹೊಗಳುತ್ತಿಲ್ಲ ಎಂಬುದು ನಿಮಗೆ ಇಷ್ಟರಿಂದಲೇ ತಿಳಿದಿರುತ್ತದೆ.

ದುಬೈಗೆ ಬರೋಣ. ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ದಿರ್ಹಮಿಗೆ 24.50 ರೂಪಾಯಿ ಬೀಳುತ್ತದೆ, ಏಕೆಂದರೆ 1997ರಿಂದ ದಿರ್ಹಮನ್ನು ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಲಾಗಿದೆ. ನಿಮ್ಮ 1.20 ಕೋಟಿ ಅಲ್ಲಿ ಸುಮಾರು 4.90 ಲಕ್ಷ ದಿರ್ಹಮ್. ದುಬೈ ಭೂ ಇಲಾಖೆಯ ವರ್ಗಾವಣೆ ಶುಲ್ಕ ಶೇ 4, ದಲ್ಲಾಳಿಗೆ ರೂಢಿಯಂತೆ ಶೇ 2 ಮತ್ತು ಅದರ ಮೇಲೆ ವ್ಯಾಟ್, ಚಿಲ್ಲರೆ ಶುಲ್ಕಗಳು, ಇಷ್ಟನ್ನು ಕಳೆದರೆ ಮನೆಗೆ ಉಳಿಯುವುದು 4.55 ಲಕ್ಷ ದಿರ್ಹಮ್. ಒಂದೇ ಕೋಣೆಯ ಸ್ಟುಡಿಯೋ ಎಂದೇ ಎಣಿಸಿ. ಮಗ ಹೇಳಿದಂತೆ ನೂರಕ್ಕೆ ಎಂಟರ ಲೆಕ್ಕದಲ್ಲಿ ವರ್ಷಕ್ಕೆ 36,000 ದಿರ್ಹಮ್ ಬಾಡಿಗೆ ಬಂತೆನ್ನೋಣ. ಅಲ್ಲಿ ಕಟ್ಟಡದ ನಿರ್ವಹಣಾ ಶುಲ್ಕವನ್ನು ಬೆಂಗಳೂರಿನಂತೆ ಬಾಡಿಗೆದಾರನಲ್ಲ, ಮಾಲೀಕನೇ ಚದರಡಿಗೆ ಇಷ್ಟೆಂದು ಕಟ್ಟುತ್ತಾನೆ. 450 ಚದರಡಿಗೆ 7,000 ದಿರ್ಹಮ್ ಹಿಡಿಯಿರಿ. ಒಂದು ತಿಂಗಳು ಖಾಲಿ ಬಿದ್ದರೆ 3,000, ಮನೆ ನೋಡಿಕೊಳ್ಳುವ ಏಜೆನ್ಸಿಗೆ 2,300, ಎ.ಸಿ. ಮತ್ತು ಇತರ ದುರಸ್ತಿಗೆ 1,700. ಉಳಿಯುವುದು 22,000.

‘ತೆರಿಗೆ ಇಲ್ಲ’ ಎಂಬ ಮಾತು ನಿಮ್ಮ ಮಗನ ಮಟ್ಟಿಗೆ ನಿಜ, ನಿಮ್ಮ ಮಟ್ಟಿಗೆ ಅಲ್ಲ. ನೀವು ಭಾರತದ ನಿವಾಸಿ. ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದ ಆದಾಯವಾದರೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಎರಡು ದೇಶಗಳ ನಡುವೆ ಒಪ್ಪಂದವಿದೆ ನಿಜ, ಆದರೆ ಅದು ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ನೋಡಿಕೊಳ್ಳುವ ಒಪ್ಪಂದ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆಯಬಹುದು. ಅಲ್ಲಿ ವ್ಯಕ್ತಿಗಳ ಆದಾಯಕ್ಕೆ ತೆರಿಗೆಯೇ ಇಲ್ಲದ ಮೇಲೆ ಇಲ್ಲಿ ಕಳೆಯುವುದೇನನ್ನು? ಶೇ 30ರ ಕಡಿತ ವಿದೇಶದ ಮನೆಗೂ ಸಿಗುತ್ತದೆ. ಅದರ ನಂತರ ತೆರಿಗೆ ಸುಮಾರು 7,200 ದಿರ್ಹಮ್. ಕೊನೆಗೆ ಕೈಗೆ ಬರುವುದು 14,800 ದಿರ್ಹಮ್, ನಮ್ಮ ರೂಪಾಯಿಯಲ್ಲಿ 3.62 ಲಕ್ಷ.

ಎಂಟಕ್ಕೂ ನಾಲ್ಕಕ್ಕೂ ಕಾಣುತ್ತಿದ್ದ ಅಂತರ ಇಲ್ಲಿಗೆ ಬರುವಷ್ಟರಲ್ಲಿ ವರ್ಷಕ್ಕೆ 75,000 ರೂಪಾಯಿಯಾಗಿ, ತಿಂಗಳಿಗೆ ಆರು ಸಾವಿರ ಚಿಲ್ಲರೆಯಾಗಿ ಕರಗಿದೆ. ನಿವೃತ್ತಿಯ ನಂತರ ನಿಮ್ಮ ಆದಾಯ 12 ಲಕ್ಷದೊಳಗೆ ಇಳಿದು, ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲದಂತಾದರೆ ಅಂತರ ಹಿಗ್ಗುತ್ತದೆ: ಬೆಂಗಳೂರಿನಿಂದ 3.80 ಲಕ್ಷ, ದುಬೈನಿಂದ 5.39 ಲಕ್ಷ. ದುಬೈ ಮುಂದಿದೆ, ಅಲ್ಲಗಳೆಯುವುದಿಲ್ಲ. ಆದರೆ ಬಂಡವಾಳ ಲಾಭದ ತೆರಿಗೆಯಾಗಿ ಮೊದಲೇ ಕಟ್ಟಿದ 20 ಲಕ್ಷವನ್ನು ಈ ಹೆಚ್ಚುವರಿ ಬಾಡಿಗೆಯಿಂದ ತುಂಬಿಕೊಳ್ಳಲು ಆಗಲೂ ಹನ್ನೆರಡು ವರ್ಷಕ್ಕೂ ಮೀರಿ ಕಾಯಬೇಕು.

ದುಬೈ ಪರವಾದ ಗಟ್ಟಿ ವಾದ ಬಾಡಿಗೆಯದಲ್ಲ, ನಾಣ್ಯದ್ದು. 2010ರಲ್ಲಿ ಡಾಲರಿಗೆ 45–46 ರೂಪಾಯಿ ಇತ್ತು. 2025ರ ಡಿಸೆಂಬರ್‌ನಲ್ಲಿ ಅದು 90ನ್ನು ದಾಟಿತು. ಹದಿನೈದು ವರ್ಷ ದಿರ್ಹಮಿನಲ್ಲಿ ಹಣವಿಟ್ಟವರಿಗೆ ಮನೆಯ ಬೆಲೆ ಏರದಿದ್ದರೂ ರೂಪಾಯಿಯ ಲೆಕ್ಕದಲ್ಲಿ ಹಣ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಆದರೆ ಇದು ದುಬೈನ ಮನೆಯ ಗುಣವಲ್ಲ, ಡಾಲರಿನ ಗುಣ. ಅದಕ್ಕಾಗಿ ಮರುಭೂಮಿಯಲ್ಲಿ ಒಂದು ಕೋಣೆ ಕೊಳ್ಳಲೇಬೇಕೆಂದಿಲ್ಲ. ಮನೆಯ ಬೆಲೆಯ ಏರಿಳಿತವೂ ಅಲ್ಲಿ ಸಣ್ಣದಲ್ಲ. 2008–09ರ ಕುಸಿತದಲ್ಲಿ ಬೆಲೆಗಳು ಅರ್ಧದ ಆಸುಪಾಸಿಗೆ ಇಳಿದಿದ್ದವು; ಮತ್ತೆ ಏರಿ, 2014ರಿಂದ 2020ರವರೆಗೆ ಮೆಲ್ಲಮೆಲ್ಲನೆ ಇಳಿಯುತ್ತಲೇ ಇದ್ದವು. 2021ರ ನಂತರದ ಏರಿಕೆಯನ್ನಷ್ಟೇ ಕಂಡವರಿಗೆ ಇದು ಹಳೆಯ ಕಥೆಯಂತೆ ಕೇಳಿಸುತ್ತದೆ. ನಿಮ್ಮ ಮುಂದಿನ ಖರ್ಚು, ಔಷಧಿ, ಆಸ್ಪತ್ರೆ, ದಿನಸಿ ಎಲ್ಲವೂ ರೂಪಾಯಿಯಲ್ಲೇ ನಡೆಯಬೇಕಾದದ್ದು ಎಂಬುದನ್ನೂ ಮರೆಯಬಾರದು.

ಹಣ ಕಳುಹಿಸುವ ಕ್ರಮವೂ ಸರಳವಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ನಿವಾಸಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2.50 ಲಕ್ಷ ಡಾಲರ್ ಕಳುಹಿಸಬಹುದು. ನಿಮ್ಮ ಮೊತ್ತ ಅದರೊಳಗೇ ಇದೆ. ಆದರೆ 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಬ್ಯಾಂಕು ಶೇ 20ರಷ್ಟು ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ಮೊತ್ತ) ಹಿಡಿದುಕೊಳ್ಳುತ್ತದೆ. 1.20 ಕೋಟಿ ಕಳುಹಿಸಲು ಹೋದರೆ ಅದರ ಮೇಲೆ ಇನ್ನೂ 22 ಲಕ್ಷ ನಿಮ್ಮ ಬಳಿ ಇರಬೇಕು. ಇದು ತೆರಿಗೆಯಲ್ಲ, ತೆರಿಗೆಗೆ ಮುಂಗಡ. ನಿವೇಶನ ಮಾರಿದ ಆರ್ಥಿಕ ವರ್ಷದಲ್ಲೇ ಕಳುಹಿಸಿದರೆ ಬಂಡವಾಳ ಲಾಭದ ತೆರಿಗೆಗೆ ಅದನ್ನೇ ವಜಾ ಹಾಕಿಕೊಳ್ಳಬಹುದು, ಮರುವರ್ಷ ಕಳುಹಿಸಿದರೆ ಮರುಪಾವತಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಇಂಥ ರವಾನೆಗೆಂದು ಇಲ್ಲಿನ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಕಟ್ಟಡದ ಕಂಪನಿಗಳು ತೋರಿಸುವ ‘ತಿಂಗಳಿಗೆ ಶೇ 1’ ಬಗೆಯ ಕಂತಿನ ಯೋಜನೆಗಳಲ್ಲಿ ಪ್ರತಿ ಕಂತೂ ಹೊಸ ರವಾನೆ, ಆ ದಿನದ ವಿನಿಮಯ ದರ, ಹೊಸ ಟಿಸಿಎಸ್. ಮನೆ ಕೊಂಡ ಮೇಲೆ ಪ್ರತಿ ವರ್ಷ ರಿಟರ್ನಿನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ಅದನ್ನು ತೋರಿಸಲೇಬೇಕು. ಬಾಡಿಗೆ ಬರಲಿ ಬಾರದಿರಲಿ. ತಪ್ಪಿಸಿದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ ಕೊಟ್ಟಿರುವ ದಂಡದ ರಿಯಾಯಿತಿಯಿಂದ ಸ್ಥಿರಾಸ್ತಿಯನ್ನು ಹೊರಗಿಡಲಾಗಿದೆ.

ಬಾಡಿಗೆದಾರರ ವಿಷಯದಲ್ಲಿ, ನ್ಯಾಯವಾಗಿ ಹೇಳಬೇಕೆಂದರೆ, ದುಬೈ ನಮಗಿಂತ ಅಚ್ಚುಕಟ್ಟು. ವರ್ಷದ ಬಾಡಿಗೆಗೆ ಮುಂದಿನ ತಾರೀಖಿನ ಒಂದು, ಎರಡು ಅಥವಾ ನಾಲ್ಕು ಚೆಕ್ಕುಗಳನ್ನು ಮೊದಲೇ ಪಡೆಯುತ್ತಾರೆ. ಕರಾರನ್ನು ಇಜಾರಿ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸುತ್ತಾರೆ. ತಕರಾರು ಕೇಳಲೆಂದೇ ಪ್ರತ್ಯೇಕ ಕೇಂದ್ರವಿದೆ. ಆದರೆ ಬಾಡಿಗೆ ಏರಿಸುವುದು ನಿಮ್ಮ ಇಚ್ಛೆಯಲ್ಲ. ಸರ್ಕಾರಿ ಸೂಚ್ಯಂಕಕ್ಕಿಂತ ನಿಮ್ಮ ಬಾಡಿಗೆ ಎಷ್ಟು ಕಡಿಮೆಯಿದೆ ಎಂಬುದರ ಮೇಲೆ ಏರಿಕೆ ಸೊನ್ನೆಯಿಂದ ಶೇ 20ರವರೆಗೆ ನಿಗದಿಯಾಗುತ್ತದೆ. ಮಾರಲೆಂದೋ ಸ್ವಂತ ವಾಸಕ್ಕೆಂದೋ ಬಾಡಿಗೆದಾರರನ್ನು ಬಿಡಿಸಬೇಕಾದರೆ ಹನ್ನೆರಡು ತಿಂಗಳ ನೋಟಿಸನ್ನು ನೋಟರಿ ಅಥವಾ ನೋಂದಾಯಿತ ಅಂಚೆಯ ಮೂಲಕ ಕೊಡಬೇಕು. ಬೆಂಗಳೂರಿನ ಹನ್ನೊಂದು ತಿಂಗಳ ಕರಾರು ಮತ್ತು ಮುಂಗಡದ ಪದ್ಧತಿ ಕಾನೂನಿನ ಕಣ್ಣಿಗೆ ಅಷ್ಟು ಗಟ್ಟಿಯಲ್ಲದಿದ್ದರೂ ನಲ್ಲಿ ಸೋರಿದರೆ, ಪಕ್ಕದ ಮನೆಯವರು ದೂರಿದರೆ, ನೀವೇ ಸ್ಕೂಟರಿನಲ್ಲಿ ಹೋಗಿ ನೋಡಿ ಬರಬಹುದು. ನಿಮ್ಮ ಕಾಲಾನಂತರ ಅಲ್ಲಿನ ಆಸ್ತಿ ಹೆಂಡತಿಗೆ ಸೇರಬೇಕಾದರೆ ಅಲ್ಲಿಯೇ ನೋಂದಾಯಿಸಿದ ಉಯಿಲು ಬರೆದಿಡುವುದು ಕ್ಷೇಮ.

ಬೆಂಗಳೂರಿನ ಬಾಡಿಗೆಯೂ ಕಲ್ಲಿನ ಮೇಲೆ ಬರೆದದ್ದಲ್ಲ. ಮಾರತ್ತಹಳ್ಳಿಯ ಹತ್ತಿರವಿರುವ ನನ್ನದೇ ಫ್ಲ್ಯಾಟು 2020ರಲ್ಲಿ ಮನೆಯಿಂದಲೇ ಕೆಲಸ ಶುರುವಾದ ಮೇಲೆ ಹನ್ನೊಂದು ತಿಂಗಳು ಬೀಗ ಹಾಕಿಕೊಂಡು ನಿಂತಿತ್ತು. ಅಷ್ಟು ತಿಂಗಳೂ ಸಂಘದ ನಿರ್ವಹಣಾ ವೆಚ್ಚವನ್ನು ನಾನೇ ಕಟ್ಟಿದೆ. 2022ರಲ್ಲಿ ಅದೇ ಮನೆಗೆ ಮೂವರು ಒಂದೇ ವಾರದಲ್ಲಿ ಬಂದು ಕೇಳಿದರು.

ಬೇರೆ ದೇಶಗಳ ಮಾತು ಎರಡೇ ವಾಕ್ಯದಲ್ಲಿ ಮುಗಿಯುತ್ತದೆ. ಸಿಂಗಪುರ 2023ರ ಏಪ್ರಿಲ್‌ನಿಂದ ವಿದೇಶಿ ಖರೀದಿದಾರರ ಮೇಲೆ ಶೇ 60ರ ಹೆಚ್ಚುವರಿ ಮುದ್ರಾಂಕ ಶುಲ್ಕ ಹಾಕುತ್ತದೆ, ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷ ವಿದೇಶಿಯರು ಹಳೆಯ ಮನೆ ಕೊಳ್ಳುವುದನ್ನೇ ನಿಲ್ಲಿಸಿದೆ, ಕೆನಡಾದ ನಿಷೇಧ 2027ರ ಜನವರಿಯವರೆಗೆ ಇದೆ. ಇಂಗ್ಲೆಂಡಿನಲ್ಲಿ ಕೊಳ್ಳಬಹುದು, ಆದರೆ ಮಾಮೂಲಿ ಸುಂಕದ ಮೇಲೆ ಎರಡನೇ ಮನೆಯೆಂದು ಶೇ 5, ಅನಿವಾಸಿಯೆಂದು ಶೇ 2 ಹೆಚ್ಚು ಕಟ್ಟಬೇಕು, ಬಾಡಿಗೆಗೆ ಅಲ್ಲಿಯೂ ತೆರಿಗೆ ಇದೆ.

ಹಾಗಾದರೆ ನನ್ನ ಅಭಿಪ್ರಾಯವೇನು? ದುಬೈನಲ್ಲಿ ಮನೆ ಬೇಕೇಬೇಕೆಂದಾದರೆ ಅದನ್ನು ಮಗ ಕೊಳ್ಳಲಿ, ನೀವಲ್ಲ. ಅವನು ಅಲ್ಲಿನ ನಿವಾಸಿ. ಸಂಬಳವಿರುವ ವಲಸಿಗರಿಗೆ ಮೊದಲ ಮನೆಯ ಬೆಲೆಯ ಶೇ 80ರವರೆಗೆ ಅಲ್ಲಿನ ಬ್ಯಾಂಕುಗಳು ಸಾಲ ಕೊಡಬಹುದು. ಬಾಡಿಗೆಗೆ ಕೊಟ್ಟರೆ ಆ ಆದಾಯಕ್ಕೆ, ಅವನು ಅನಿವಾಸಿಯಾಗಿರುವವರೆಗೆ, ಭಾರತದಲ್ಲಿ ತೆರಿಗೆಯಿಲ್ಲ. ತಾನೇ ವಾಸವಿದ್ದರೆ ಈಗ ಕೊಡುತ್ತಿರುವ ಬಾಡಿಗೆ ಉಳಿಯುತ್ತದೆ. ಊರಿಗೆ ಮರಳಿದ ಮೇಲೂ, ಅನಿವಾಸಿಯಾಗಿದ್ದಾಗ ಕೊಂಡ ವಿದೇಶಿ ಆಸ್ತಿಯನ್ನು ಇಟ್ಟುಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಅವಕಾಶ ಕೊಡುತ್ತದೆ. ಅವನು ಹೇಳುವ ನೂರಕ್ಕೆ ಎಂಟು ಅವನ ಕೈಯಲ್ಲಿ ಐದರ ಹತ್ತಿರವಾದರೂ ಉಳಿದೀತು, ನಿಮ್ಮ ಕೈಯಲ್ಲಿ ಮೂರಾಗುತ್ತದೆ. ಮೊದಲ ಕಂತಿಗೆ ಸ್ವಲ್ಪ ನೆರವು ಕೊಡುವ ಮನಸ್ಸಿದ್ದರೆ ಬ್ಯಾಂಕಿನ ಮೂಲಕ ಉಡುಗೊರೆಯಾಗಿ ಕಳುಹಿಸಬಹುದು; ವಯಸ್ಕ ಮಗನಿಗೆ ಕೊಟ್ಟ ಉಡುಗೊರೆಗೆ ಅವನು ತೆರಿಗೆ ಕಟ್ಟಬೇಕಿಲ್ಲ, ಅದರಿಂದ ಹುಟ್ಟುವ ಆದಾಯ ನಿಮ್ಮ ಲೆಕ್ಕಕ್ಕೆ ಸೇರುವುದೂ ಇಲ್ಲ. ಆದರೆ ನಿಮ್ಮ ಮುಪ್ಪಿನ ಖರ್ಚಿನ ಹಣದಿಂದ ಬೇಡ.

ನಿಮ್ಮ 1.40 ಕೋಟಿಗೆ, ಮಾಸಿಕ ಆದಾಯವೊಂದೇ ಗುರಿಯಾದರೆ, ಮನೆಯೇ ಬೇಡವೆನ್ನುತ್ತೇನೆ. ತೆರಿಗೆ ಕಟ್ಟಿ ಉಳಿದ 1.20 ಕೋಟಿಯನ್ನು ಶೇ 6.5 ಬಡ್ಡಿಯ ಠೇವಣಿಗಳಲ್ಲಿಟ್ಟರೆ ವರ್ಷಕ್ಕೆ 7.80 ಲಕ್ಷ ಬರುತ್ತದೆ. ಎರಡೂ ಊರಿನ ಬಾಡಿಗೆಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಬೆಂಗಳೂರಿನ ಫ್ಲ್ಯಾಟಿಗೆ ಸಮರ್ಥನೆ ಎರಡೇ: 20 ಲಕ್ಷ ತೆರಿಗೆ ಉಳಿಯುತ್ತದೆ, ಮತ್ತು ಹತ್ತಾರು ವರ್ಷದಲ್ಲಿ ನೆಲದ ಬೆಲೆ ಏರೀತೆಂಬ ನಿರೀಕ್ಷೆ. ನಿವೃತ್ತಿಯ ಹಣ, ಭವಿಷ್ಯನಿಧಿ ಇವುಗಳಿಂದ ಮನೆ ಖರ್ಚು ನಡೆಯುವಂತಿದ್ದರೆ ಮಾತ್ರ ಫ್ಲ್ಯಾಟ್ ಕೊಳ್ಳಿ. ನಿಮ್ಮ ಪತ್ರದ ಧಾಟಿ ನೋಡಿದರೆ ನಡೆಯುವಂತಿದೆ ಎಂದೇ ನನ್ನ ಊಹೆ.

ಕೊಳ್ಳುವುದಾದರೆ ಕಟ್ಟಿ ಮುಗಿದ ಮನೆಯನ್ನೇ ಕೊಳ್ಳಿ. ನಿರ್ಮಾಣ ಹಂತದ್ದಕ್ಕೆ ಶೇ 5ರ ಜಿಎಸ್‌ಟಿ ಇದೆ, ಜೊತೆಗೆ ಕಟ್ಟಡ ತಡವಾದರೆ ಮೂರು ವರ್ಷದ ಗಡುವು ಜಾರಿ ವಿನಾಯಿತಿಗೇ ಕುತ್ತು ಬರಬಹುದು. ಓಸಿ ಎಂದು ಎಲ್ಲರೂ ಕರೆಯುವ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡವನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಹೇಳಿದ ಮೇಲೆ ಅವುಗಳ ಬೆಲೆಯೂ ಬಾಡಿಗೆಯೂ ಅನಿಶ್ಚಿತ. ಇ–ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಕಾವೇರಿ ನೀರಿನ ಸಂಪರ್ಕವಿದೆಯೇ, ಕೊಳವೆಬಾವಿಯೊಂದೇ ಗತಿಯೇ ಎಂದು ಕಾವಲುಗಾರನನ್ನು ಕೇಳಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕೊಟ್ಟ ಲೆಕ್ಕವನ್ನು ಅವನು ನೆನಪಿಟ್ಟುಕೊಂಡಿರುತ್ತಾನೆ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ನ್ನು ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮದು. ಮಾರುವವರು ಅನಿವಾಸಿಯಾಗಿದ್ದರೆ ಆ ದರ ಬೇರೆಯೇ, ಬಹಳ ಹೆಚ್ಚು.

ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಮನೆ ಸಿಗದಿದ್ದರೆ ಅವಸರದಲ್ಲಿ ಸಿಕ್ಕಿದ್ದನ್ನು ಕೊಳ್ಳಬೇಡಿ. ಬ್ಯಾಂಕಿನಲ್ಲಿ ಬಂಡವಾಳ ಲಾಭ ಖಾತೆ ತೆರೆದು ಹಣವನ್ನು ಅಲ್ಲಿಟ್ಟರೆ ಎರಡು ವರ್ಷದ ಅವಧಿ ನಿಮ್ಮದಾಗಿಯೇ ಉಳಿಯುತ್ತದೆ. ಕೊಂಡ ಮನೆಯನ್ನು ಮೂರು ವರ್ಷ ಮಾರುವಂತಿಲ್ಲ. ನಿವೇಶನ ಮಾರಿದ ಎರಡು ವರ್ಷದೊಳಗೆ ನಿಮ್ಮ ಹೆಸರಿನಲ್ಲಿ ಮತ್ತೊಂದು ಮನೆಯನ್ನೂ ಕೊಂಡರೆ ವಿನಾಯಿತಿ ಕೈತಪ್ಪುತ್ತದೆ. ಇಲ್ಲೊಂದು ಅಲ್ಲೊಂದು ಎಂಬ ಯೋಚನೆಯಿದ್ದರೆ ಅದನ್ನೂ ಸದ್ಯಕ್ಕೆ ಬಿಡಿ.

ಕೊನೆಯದಾಗಿ ಮುಂಗಡದ ವಿಷಯ. ಮಗ ಅಲ್ಲಿ ದಿರ್ಹಮ್ ಕಟ್ಟುವುದು, ನೀವು ಇಲ್ಲಿ ಅವನ ಖಾತೆಗೆ ರೂಪಾಯಿ ಹಾಕುವುದು, ಮನೆ ನಿಮ್ಮ ಹೆಸರಿಗೆ ಆಗುವುದು: ತಂದೆ ಮಗನ ನಡುವಿನ ಸಹಜ ಹೊಂದಾಣಿಕೆಯಂತೆ ಕಾಣುವ ಈ ವ್ಯವಹಾರವನ್ನು ವಿದೇಶಿ ವಿನಿಮಯದ ಕಾನೂನು ಬ್ಯಾಂಕನ್ನು ತಪ್ಪಿಸಿ ನಡೆಸಿದ ಪಾವತಿಯೆಂದೇ ನೋಡುತ್ತದೆ. ನಿಮ್ಮ ಕ್ರೆಡಿಟ್ ಕಾರ್ಡನ್ನು ಅಲ್ಲಿ ಉಜ್ಜಿ ಟೋಕನ್ ಹಣ ಕಟ್ಟುವುದಕ್ಕೂ ಅದೇ ಆಕ್ಷೇಪ. ಮಗ ಮುಂಗಡವನ್ನು ಈಗಾಗಲೇ ಕೊಟ್ಟಿದ್ದರೆ ರಸೀದಿ ಮತ್ತು ಕರಾರು ಅವನ ಹೆಸರಿಗೇ ಆಗಲಿ, ನಿಮ್ಮ ಹೆಸರು ಎಲ್ಲಿಯೂ ಬೇಡ. ಕೊಟ್ಟಿಲ್ಲವಾದರೆ, ಈ ಉತ್ತರವನ್ನು ಅವನಿಗೆ ಕಳುಹಿಸಿ, ಅವನ ಸ್ವಂತ ಸಂಬಳದ ಮೇಲೆ ಅಲ್ಲಿನ ಬ್ಯಾಂಕು ಎಷ್ಟು ಸಾಲ ಕೊಡುತ್ತದೆ ಎಂದು ಮೊದಲು ವಿಚಾರಿಸಲು ಹೇಳಿ.